ಬಲಮೂಲೆಯವನ ಪಕ್ಕದಲ್ಲಿ

ಹದಿನಾಲ್ಕು ವರ್ಷ ನಾನು ಒಬ್ಬನ ಎಡಗೈ ಹಿಡಿದುಕೊಂಡು ನಿಂತಿದ್ದೇನೆ. ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದವರಲ್ಲ ನೀವು ಎಂದು ಹೆಂಡತಿ ಈಗಲೂ ಚುಚ್ಚುತ್ತಾಳೆ. ಕಬಡ್ಡಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಡದವರಿಗೆ ಹೇಳುತ್ತೇನೆ. ಎದುರು ತಂಡದವನೊಬ್ಬ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ನಮ್ಮ ಅಂಕಣಕ್ಕೆ ನುಗ್ಗಿ, ಯಾರನ್ನಾದರೂ ಮುಟ್ಟಿ ಓಡಿಹೋಗಲು ನೋಡುತ್ತಾನೆ. ಅವನನ್ನು ಹಿಡಿದು ಕೆಡವಲು ನಾವು ಕೈ ಕೈ ಹಿಡಿದು ಕಾಯುತ್ತೇವೆ. ತುದಿಯಲ್ಲಿ ನಿಲ್ಲುವವನು ಮೂಲೆಯವನು. ಹಾರಿ ಕಾಲು ಹಿಡಿಯುವವನು ಅವನೇ, ಚಪ್ಪಾಳೆಯೂ ಅವನಿಗೇ. ಪಕ್ಕದವನ ಕೆಲಸ ಸಣ್ಣದು. ಮೂಲೆಯವನು ಹಾರುವಾಗ ಸರಿಯಾದ ಹೊತ್ತಿಗೆ ಕೈ ಬಿಡಬೇಕು, ಆಮೇಲೆ ಮೇಲೆ ಬಿದ್ದು ಭಾರ ಹಾಕಬೇಕು. ನನ್ನ ಗೆಳೆಯ ಬಲಮೂಲೆ. ನಾನು ಪಕ್ಕದವನು.

ನಾವಿಬ್ಬರೂ ಮೋರಟಗಿ ಕಡೆಯವರು, ಒಂದೇ ಓಣಿ. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಆಡಬೇಕೆಂದರೆ ಬೇರೆ ಕಡೆಯಿಂದ ಕೆಂಪು ಮಣ್ಣು ತಂದು, ಸಾಣಿಗೆ ಹಿಡಿದು, ಹರವಿ, ನೀರು ಹೊಡೆದು ತುಳಿಯಬೇಕು. ಆಟಕ್ಕಿಂತ ಹೆಚ್ಚು ಮಣ್ಣೇ ಹೊತ್ತಿದ್ದೇವೆ. ಹಾಗೆ ಹೊತ್ತ ಬುಟ್ಟಿಗಳ ನೆನಪು ನನ್ನ ಸೊಂಟಕ್ಕೆ ಚೆನ್ನಾಗಿದೆ. ಹೊರ್ತಿ, ಇಂಡಿ, ನಿಡಗುಂದಿ, ಮುದ್ದೇಬಿಹಾಳ ಎಂದು ಯಾರು ಕರೆದರೆ ಅಲ್ಲಿಗೆ ಹೋಗಿ ಆಡಿದೆವು. ಗೆದ್ದರೆ ಟ್ರಕ್ಕಿನಲ್ಲಿ ಕೂಗುತ್ತ ಬರುವುದು. ಸೋತರೆ ಸಿಕ್ಕ ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಬರುವುದು.

ಆ ಮಣ್ಣಿನ ಅಂಕಣಗಳಲ್ಲಿ ಒಂದು ರೂಢಿಯಿತ್ತು. ಅಂಪೈರ್ ಇರುತ್ತಿದ್ದ, ಆದರೆ ಅವನು ಆ ಊರಿನವನೇ ಇರುತ್ತಿದ್ದ. ಅವನ ಕಣ್ಣನ್ನು ಯಾರೂ ನಂಬುತ್ತಿರಲಿಲ್ಲ. ಆದ್ದರಿಂದ ಮುಟ್ಟಿಸಿಕೊಂಡವರು ತಾವೇ ಕೈ ಎತ್ತಿ ಹೊರಗೆ ನಡೆಯಬೇಕು. ಎಲ್ಲರೂ ನಡೆಯುತ್ತಿದ್ದರು ಎಂದು ನಾನು ಹೇಳಲಾರೆ. ಕಂಡದ್ದಕ್ಕೆ ನಡೆಯುತ್ತಿದ್ದೆವು, ಕಾಣದ್ದಕ್ಕೆ ಸುಮ್ಮನಿರುತ್ತಿದ್ದೆವು. ನನ್ನ ಗೆಳೆಯ ಮಾತ್ರ ಕಾಣದ್ದಕ್ಕೂ ನಡೆಯುತ್ತಿದ್ದ.

ನಿಡಗುಂದಿಯ ಒಂದು ಫೈನಲ್ಲಿನಲ್ಲಿ ಕೊನೆಯ ಗಳಿಗೆಗೆ ಎರಡೂ ತಂಡ ಸಮ ಇದ್ದವು. ಎದುರಾಳಿಯ ಹೆಬ್ಬೆರಳು ಇವನ ಮೀನಖಂಡಕ್ಕೆ ತಾಗಿತು. ಯಾರಿಗೂ ಕಾಣಲಿಲ್ಲ. ನನಗೆ ಗೊತ್ತಾಯಿತು, ಏಕೆಂದರೆ ಅವನ ಕೈ ನನ್ನ ಕೈಯಲ್ಲಿತ್ತು, ಅದು ಸಡಿಲಾದದ್ದು ತಿಳಿಯಿತು. ನಾನು ಗಟ್ಟಿಯಾಗಿ ಹಿಡಿದೆ. ಸುಮ್ಮನಿರು ಎಂಬ ಹಾಗೆ ಬೆರಳು ಹಿಚುಕಿದೆ. ಅವನು ಬಿಡಿಸಿಕೊಂಡು ಕೈ ಎತ್ತಿದ. ಸೋತೆವು. ಆ ಊರಿನ ಹಿರಿಯರು ಗೆದ್ದವರನ್ನು ಬಿಟ್ಟು ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು. ಕಪ್ ಅವರಿಗೆ, ಶಾಲು ಇವನಿಗೆ, ಮನೆಯವರ ಬೈಗುಳ ನಮಗೆ. ಬಸ್ಸಿನಲ್ಲಿ ಅವನಿಗೆ ಬೈದಷ್ಟು ನಾನು ಜನ್ಮದಲ್ಲಿ ಯಾರಿಗೂ ಬೈದಿಲ್ಲ. ಅವನು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ.

ಆಮೇಲೆ ಅವನ ನಸೀಬು ತೆರೆಯಿತು. ರಾಜ್ಯ ತಂಡದ ಆಯ್ಕೆಗೆ ಇಬ್ಬರೂ ಹೋಗಿದ್ದೆವು. ಅವನು ನಾಲ್ಕು ಜನರ ಕಾಲು ಹಿಡಿದು ಕೆಡವಿದ. ನಾನು ಅವನ ಮೇಲೆ ನಾಲ್ಕು ಸಲ ಬಿದ್ದೆ. ಆರಿಸುವವರು ಒಳ್ಳೆಯವರು, ನನಗೆ ಚಹಾ ಕುಡಿಸಿ ಕಳಿಸಿದರು. ಅವನು ರಾಜ್ಯದ ಅಂಗಿ ತೊಟ್ಟ, ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದ, ದೇಶದ ತಂಡದ ಶಿಬಿರದವರೆಗೂ ಹೋಗಿಬಂದ. ಟಿವಿಯಲ್ಲಿ ಅವನನ್ನು ತೋರಿಸಿದ ದಿನ ನಮ್ಮ ಓಣಿಯವರೆಲ್ಲ ಒಂದೇ ಮನೆಯಲ್ಲಿ ಕೂತಿದ್ದರು. ಉಡದ ಪಟ್ಟು ಎಂದು ಯಾರೋ ಕೂಗಿದರು. ನಾನೂ ಕೂಗಿದೆ. ಹೊಟ್ಟೆಕಿಚ್ಚೂ ಪಟ್ಟೆ. ಸುಳ್ಳು ಯಾಕೆ ಹೇಳಲಿ, ಅವತ್ತು ಊಟ ಸೇರಲಿಲ್ಲ. ಮುಂದೆ ನಾನು ಸರ್ಕಾರಿ ಬಸ್ಸಿನ ಕಂಡಕ್ಟರಾದೆ. ಸಿಂದಗಿಯಲ್ಲಿ ಮನೆ ಮಾಡಿದೆ. ಇಂದಿಗೂ ಅದೇ ಕೆಲಸ, ಅವೇ ರಸ್ತೆಗಳು. ದಿನವಿಡೀ ನಿಂತು ನಿಂತು ಕಾಲು ಊದುತ್ತವೆ.

ಅವನ ಬಲ ಮೊಣಕಾಲು ಹರಿದದ್ದು ಹೊರ ರಾಜ್ಯದ ಯಾವುದೋ ಪಂದ್ಯದಲ್ಲಿ. ಎರಡು ಸಲ ಕೊಯ್ಸಿಕೊಂಡ. ಮೂರನೆಯ ಸಲ ಬೇಡವೆಂದು, ಈ ಕಡೆಗೆ ವರ್ಗ ಮಾಡಿಸಿಕೊಂಡು ಬಂದ. ಬಂದ ಮೊದಲ ವರ್ಷ ಶಾಲು ಹೊದಿಸುವವರ ಸಾಲೇ ಸಾಲು. ಎರಡನೆಯ ವರ್ಷ ಕರೆದದ್ದು ಶಾಲೆಗಳವರು ಮಾತ್ರ. ಮೂರನೆಯ ವರ್ಷ ಅವನೇ ಹೋಗಿ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತೇನೆ ಎಂದ. ಗಂಡುಮಕ್ಕಳಿಗೆ ಕಲಿಸುವವರು ಓಣಿಗೊಬ್ಬರಿದ್ದಾರೆ, ಇವರಿಗೆ ಯಾರೂ ಇಲ್ಲ ಎಂಬುದು ಅವನ ಲೆಕ್ಕ. ವಾರದಲ್ಲಿ ಎರಡು ಸಂಜೆ ಸಿಂದಗಿ, ಉಳಿದಂತೆ ಇಂಡಿ, ಬಸವನ ಬಾಗೇವಾಡಿ, ಪುರಸೊತ್ತಾದರೆ ಮುದ್ದೇಬಿಹಾಳ. ಹೆಚ್ಚಿನ ಸಲ ನನ್ನ ಬಸ್ಸಿನಲ್ಲೇ ಹೋಗುತ್ತಿದ್ದ. ಕಬಡ್ಡಿ ಕೋಚಿಗೆ ಸಾಮಾನು ಎಂಬುದೇ ಇಲ್ಲ. ಒಂದು ಸೀಟಿ, ಬ್ಯಾಂಡೇಜಿನ ಸುರುಳಿ, ಒಂದಿಷ್ಟು ಉಪ್ಪು, ಇಂಡಿಯ ನಿಂಬೆಹಣ್ಣು. ಹುಡುಗಿಯರು ದಣಿದಾಗ ನಿಂಬೆಗೆ ಉಪ್ಪು ಹಚ್ಚಿ ಚೀಪಲು ಕೊಡುತ್ತಿದ್ದ. ಕೊನೆಯ ಸೀಟಿನಲ್ಲಿ ಕಾಲು ಚಾಚಿ ಕೂತು ಮೊಣಕಾಲು ನೀವಿಕೊಳ್ಳುವುದನ್ನು ಕಂಡಾಗ, ದೇಶದ ಶಿಬಿರಕ್ಕೆ ಹೋದವನು ಇವನೇನಾ ಎಂದು ನನಗೇ ಅನುಮಾನ ಬರುತ್ತಿತ್ತು.

ಕಲಿಸುವುದರಲ್ಲಿ ಅವನದೊಂದು ಹಟವಿತ್ತು. ಅಭ್ಯಾಸದಲ್ಲಿ ಯಾರು ಯಾರನ್ನು ಮುಟ್ಟಿದರೆಂದು ಅವನು ಹೇಳುತ್ತಿರಲಿಲ್ಲ. ಮುಟ್ಟಿಸಿಕೊಂಡ ಹುಡುಗಿಯೇ ಕೈ ಎತ್ತಬೇಕು. ಎತ್ತದಿದ್ದರೆ ಬೈಗುಳವಿಲ್ಲ, ಸುತ್ತು ಓಡಿಸುವುದಿಲ್ಲ. ಸೀಟಿ ಊದಿ ಎಲ್ಲರನ್ನೂ ಕೆಳಗೆ ಕೂರಿಸುತ್ತಿದ್ದ, ತಾನೂ ಒಂದು ಬಕೆಟ್ಟು ಬೋರಲು ಹಾಕಿ ಕೂರುತ್ತಿದ್ದ. ಆ ಹುಡುಗಿ ಬಾಯಿ ಬಿಡುವವರೆಗೆ ಆಟವಿಲ್ಲ. ಯಾರೆಂದು ಅವನಿಗೆ ಗೊತ್ತಿರುತ್ತಿತ್ತು. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಇಂಡಿಯಲ್ಲಿ ಒಮ್ಮೆ ಹೀಗೆ ಕೂತು ಕೂತು ಹಳ್ಳಿಯ ಹುಡುಗಿಯರ ಬಸ್ಸು ತಪ್ಪಿತು. ಒಬ್ಬಳ ಅಪ್ಪ ಮೋಟಾರ್‌ಸೈಕಲ್ ಮೇಲೆ ಬಂದು ಕೂಗಾಡಿದ.

“ಇದೇನು ಆಟನೋ, ಇಲ್ಲಾ ಭಜನಿನೋ? ನೆಲಕ್ಕ ಕುಂತು ಏನ್ ಕಲಿಸಾಕತ್ತೀರಿ?”

“ಇದನ್ನ ಕಲಿಸಾಕತ್ತೇನ್ರಿ,” ಎಂದನಂತೆ ಇವನು.

ಅವನ ತಂಡಗಳು ಸೋಲುತ್ತಿದ್ದವು. ಚೆನ್ನಾಗಿ ಆಡಿ ಸೋಲುತ್ತಿದ್ದವು. ಈಗ ಆಟ ಮ್ಯಾಟಿನ ಮೇಲೆ. ಬೇರೆ ತಂಡದ ಹುಡುಗಿಯರು ಮುಟ್ಟಿಸಿಕೊಂಡರೂ ಅಂಪೈರನ ಮುಖ ನೋಡುತ್ತ ನಿಲ್ಲುತ್ತಾರೆ. ಇವನ ಹುಡುಗಿಯರು ಕೈ ಎತ್ತಿ ಹೊರನಡೆಯುತ್ತಾರೆ. ಬೇರೆ ಕೋಚುಗಳು ನಗುತ್ತಿದ್ದರು. ಸತ್ಯಹರಿಶ್ಚಂದ್ರನ ತಂಡ ಬಂತು ಎಂದು ನನ್ನ ಎದುರಿಗೇ ಒಬ್ಬ ಹೇಳಿದ್ದಾನೆ. ನಾನೂ ನಕ್ಕಿದ್ದೆ. ಆಗ ನನ್ನ ಮಗಳು ಅವನ ತಂಡದಲ್ಲಿ ಇರಲಿಲ್ಲ.

ಆಮೇಲೆ ಸೇರಿದಳು. ನಾನೇ ಸೇರಿಸಿದೆ. ಮನೆಯಲ್ಲಿ ಅವನನ್ನು ಕಾಕಾ ಎನ್ನುವವಳು, ಮೈದಾನದಲ್ಲಿ ಸರ್ ಎನ್ನತೊಡಗಿದಳು. ಎರಡೇ ವರ್ಷದಲ್ಲಿ ಅವಳನ್ನು ಬಲಮೂಲೆಗೆ ನಿಲ್ಲಿಸಿದ. ಅವಳು ಮೊದಲ ಸಲ ಹಾರಿ ಒಬ್ಬಳ ಕಾಲು ಹಿಡಿದದ್ದನ್ನು ನೋಡಿದಾಗ ನನಗೆ ಅಳು ಬಂತು. ಈ ಮನೆಯಲ್ಲಿ ಪಕ್ಕದವನಲ್ಲದ ಒಬ್ಬರು ಹುಟ್ಟಿದರಲ್ಲ ಎನ್ನಿಸಿತು. ಅಂದಿನಿಂದ ನನಗೆ ಒಂದೇ ಹುಚ್ಚು, ಅವಳು ರಾಜ್ಯ ತಂಡದ ಶಿಬಿರಕ್ಕೆ ಹೋಗಬೇಕು. ಆ ಹುಚ್ಚು ಅವಳದೆಷ್ಟು, ನನ್ನದೆಷ್ಟು ಎಂದು ಆಗ ನಾನು ಕೇಳಿಕೊಳ್ಳಲಿಲ್ಲ.

ಕಿರಿಯರ ತಂಡದಲ್ಲಿ ಆಡಲು ಅವಳ ವಯಸ್ಸಿಗೆ ಅದೇ ಕೊನೆಯ ವರ್ಷ. ಬಸವನ ಬಾಗೇವಾಡಿಯಲ್ಲಿ ಆಟವಿತ್ತು, ಆರಿಸುವವರು ಬಂದಿದ್ದರು. ಫೈನಲ್ ಗೆದ್ದ ತಂಡದಿಂದ ಮೂವರನ್ನು ಶಿಬಿರಕ್ಕೆ ಒಯ್ಯುತ್ತೇವೆ, ಸೋತ ತಂಡದಿಂದ ಒಬ್ಬಳನ್ನು ಎಂದು ಮೊದಲೇ ಹೇಳಿದ್ದರು. ನಮ್ಮ ತಂಡದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಎದುರು ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವ ಒಬ್ಬ ರೇಡರ್ ಹುಡುಗಿ. ಸೋತರೆ ಆ ಒಂದು ಜಾಗ ಅವಳದು ಎಂಬುದು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಗೆದ್ದರೆ ಮಾತ್ರ ನನ್ನ ಮಗಳು. ನಾನು ರಜೆ ಹಾಕಿ ಹೋಗಿದ್ದೆ. ಮಧ್ಯಾಹ್ನದ ಬಿಸಿಲು, ತಗಡಿನ ಚಪ್ಪರ, ಮೆಟ್ಟಿಲಿನ ಮೇಲೆ ನಾನು, ಎದುರಿಗೆ ಅಂಕಣದ ಅಂಚಿನ ಕುರ್ಚಿಯಲ್ಲಿ ಅವನು.

ಎದುರಾಳಿ ಮುದ್ದೇಬಿಹಾಳದ ಕಡೆಯವರು. ಗಟ್ಟಿಮುಟ್ಟಾದ ಹುಡುಗಿಯರು. ಎರಡು ನಿಮಿಷ ಉಳಿದಾಗ ನಾವು ಒಂದು ಪಾಯಿಂಟ್ ಮುಂದಿದ್ದೆವು. ಅವರ ರೇಡರ್ ಬಂದಳು. ಎಡಕ್ಕೆ ಹೋದಂತೆ ಮಾಡಿ, ಬಲಕ್ಕೆ ತಿರುಗಿ ಕಾಲು ಬೀಸಿದಳು. ನನ್ನ ಮಗಳು ಹಿಂದೆ ಜಿಗಿದಳು. ಬೀಸಿದ ಕಾಲಿನ ತುದಿ ಅವಳ ಬೂಟಿನ ಹಿಮ್ಮಡಿಗೆ ಸವರಿತು. ಅಷ್ಟೇ. ರೇಡರ್ ಹುಡುಗಿಗೇ ಗೊತ್ತಾಗಲಿಲ್ಲ, ಬರಿಗೈಲಿ ಬಂದೆ ಎಂಬ ಮುಖ ಮಾಡಿಕೊಂಡು ಗೆರೆ ದಾಟಿ ಹೋದಳು. ಅಂಪೈರ್ ಸೀಟಿ ಊದಲಿಲ್ಲ.

ನಾನು ನೋಡಿದೆ. ಹದಿನಾಲ್ಕು ವರ್ಷ ಮೂಲೆಯ ಪಕ್ಕದಲ್ಲಿ ನಿಂತವನಿಗೆ ಅದು ಕಾಣದೆ ಇರುವುದಿಲ್ಲ. ಮಗಳು ತಲೆ ಎತ್ತಿ ಮೆಟ್ಟಿಲ ಕಡೆ ನೋಡಿದಳು. ಸರಿಯಾಗಿ ನನ್ನನ್ನೇ ನೋಡಿದಳು. ನಾನು ತೊಡೆಯ ಮೇಲಿದ್ದ ಕೈಯನ್ನು ಸ್ವಲ್ಪ ಎತ್ತಿ, ಅಂಗೈ ಕೆಳಗೆ ಮಾಡಿ, ಎರಡು ಸಲ ಗಾಳಿಯನ್ನು ಒತ್ತಿದೆ. ಇರು, ಸುಮ್ಮನಿರು. ಯೋಚನೆ ಮಾಡಿ ಮಾಡಿದ್ದಲ್ಲ, ಆದರೆ ಮಾಡಿದ್ದು ನಾನೇ.

ಎದುರಿನ ಕುರ್ಚಿ ಸದ್ದಾಯಿತು. ಅವನು ಮೊಣಕಾಲಿಗೆ ಕೈಯೂರಿ ಎದ್ದ.

“ಯವ್ವಾ, ಹೊರಗ ಬಾ. ಮುಟ್ಟೇತಿ.”

ಅಂಪೈರ್ ಗಲಿಬಿಲಿಗೊಂಡು ಅವನ ಹತ್ತಿರ ಬಂದ. “ಸರ್, ನಾವು ಪಾಯಿಂಟ್ ಕೊಟ್ಟಿಲ್ರಿ.”

“ಗೊತ್ತೈತ್ರಿ. ಮುಟ್ಟಿದ್ದು ನಿಜ ಐತಿ, ಬರ್ಕೋರಿ.”

ಅಷ್ಟು ವರ್ಷ ಯಾವ ಹುಡುಗಿಯ ಮೇಲೂ ಬೆರಳು ಮಾಡದವನು, ಅವತ್ತು ನನ್ನ ಮಗಳ ಮೇಲೆ ಮಾಡಿದ. ಅವಳು ಕೈ ಎತ್ತಿದಳು, ಹೊರಗೆ ಬಂದು ಕೂತಳು. ಲೆಕ್ಕ ಸಮವಾಯಿತು. ನಮ್ಮ ರೇಡರ್ ಹೋಗಿ ಬರಿಗೈಲಿ ಬಂದಳು. ಅವರ ರೇಡರ್ ಮತ್ತೆ ಬಂದಾಗ ಬಲಮೂಲೆ ಖಾಲಿಯಿತ್ತು. ಅದೇ ಕಡೆಯಿಂದ ಹೊಕ್ಕು ಇಬ್ಬರನ್ನು ಮುಟ್ಟಿ ಹೋದಳು. ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೋತ ತಂಡದ ಒಂದು ಜಾಗಕ್ಕೆ ನಮ್ಮ ರೇಡರ್ ಹುಡುಗಿಯ ಹೆಸರು ಓದಿದರು.

ಜನ ಕರಗಿದ ಮೇಲೆ ನಾನು ಚಪ್ಪರದ ಹಿಂದೆ ಅವನನ್ನು ಹಿಡಿದೆ. ಬ್ಯಾಂಡೇಜಿನ ಸುರುಳಿ ಸುತ್ತುತ್ತ ನಿಂತಿದ್ದ. ಮಗಳು ಅಲ್ಲೇ ಬೂಟು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದಳು.

“ಲೇ, ಅಂಪೈರ್ ನೋಡಿಲ್ಲ, ಮುಟ್ಟಿದಾಕಿಗೇ ಗೊತ್ತಿಲ್ಲ. ನಿನಗೇನು ಬಂದಿತ್ತು ರೋಗ?” ಎಂದೆ. “ನಿನಗ ಶಾಲು ಬೇಕಾಗಿತ್ತೇನು ಮತ್ತ? ನಿನ್ನ ಹೆಸರಿಗೆ ನನ್ನ ಮಗಳನ್ನ ಯಾಕ ಬಲಿ ಕೊಟ್ಟಿ?”

ಅವನು ಸುರುಳಿ ಸುತ್ತುವುದನ್ನು ನಿಲ್ಲಿಸಲಿಲ್ಲ. “ನಿನಗ ಕಂಡಿರಲಿಲ್ಲೇನು?”

“ಇಲ್ಲ.”

“ಕಂಡಿಲ್ಲಂದ್ರ ಕೈಸನ್ನಿ ಯಾಕ ಮಾಡಿದಿ?”

ಮುಖಕ್ಕೆ ನೀರು ಎರಚಿದಂತಾಯಿತು. ಅವನು ಅದನ್ನೂ ನೋಡಿದ್ದ. ನಾನು ಸೋಲಲಿಲ್ಲ, ದನಿ ಏರಿಸಿದೆ. “ಯಾರು ಮಾಡ್ಯಾರ? ನಾ ಎಲ್ಲಿ ಮಾಡೇನಿ?”

“ನಾ ಏಳಾಂವ ಇದ್ದಿಲ್ಲೋ,” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. “ಅಕಿನೇ ಕೈ ಎತ್ತಾಕಿ ಇದ್ಲು. ಎರಡು ವರ್ಷ ನೋಡೇನಿ, ಅಕಿ ಭುಜ ಮ್ಯಾಲೆದ್ರ ನನಗ ಗೊತ್ತಾಗ್ತೈತಿ. ನೀ ಇಳಿಸಿದಿ. ಅದಕ್ಕ ಎದ್ದೆ.”

“ಸುಳ್ಳು,” ಎಂದೆ. “ಮಗಳ ಮುಂದ ನಿಂತು ಹೇಳ್ತೇನಿ, ನಾ ಕೈ ಎತ್ತೇ ಇಲ್ಲ. ಸುಮ್ನ ಕುಂತಿದ್ದೆ.”

ಅವನು ಮಗಳ ಕಡೆ ನೋಡಲಿಲ್ಲ. ನೋಡಿದ್ದರೆ ಅವಳು ಯಾರ ಪರ ಹೇಳಬೇಕಾಗುತ್ತಿತ್ತೋ ಏನೋ. ಸುರುಳಿಯನ್ನು ಚೀಲಕ್ಕೆ ಹಾಕಿ, ಕುಂಟುತ್ತ ಉಳಿದ ಹುಡುಗಿಯರ ಕಡೆಗೆ ಹೋದ.

ನಾನೂ ಮಗಳೂ ಸಿಂದಗಿ ಬಸ್ಸು ಹತ್ತಿದೆವು. ಕಂಡಕ್ಟರ್ ಪರಿಚಯದವನು, ಏನಾತ್ರಿ ಎಂದ. ಸೋತ್ರು ಎಂದೆ. ನಿಲ್ದಾಣದಲ್ಲಿ ಮಗಳಿಗೆಂದು ಚುರುಮುರಿ, ಮಿರ್ಚಿ ಕೊಂಡಿದ್ದೆ, ಅವಳು ಮುಟ್ಟಲಿಲ್ಲ. ಕಿಟಕಿಯಾಚೆ ತೊಗರಿ ಹೊಲಗಳು ಹಿಂದೆ ಹೋಗುತ್ತಿದ್ದವು. ನಾನು ಬೈಯುತ್ತಲೇ ಇದ್ದೆ. ಊರಿಗೆ ಉಪಕಾರಿ ಅಂವ, ನಮ್ಮ ಮನಿಗೆ ಮಾರಿ ಆದ ಎಂದೆ. ಮೊದಲಿಂದಲೂ ಹಂಗೇ, ಪಕ್ಕದವರನ್ನು ಮುಳುಗಿಸಿ ತಾನು ದೊಡ್ಡವನಾದ ಎಂದೆ. ಬೈದಷ್ಟೂ ನನಗೆ ನಾನು ಮಾಡಿದ್ದು ಸಣ್ಣದಾಗಿ ಕಾಣುತ್ತಿತ್ತು.

“ಅಪ್ಪಾ,” ಎಂದಳು ಮಗಳು. “ನಾ ನಿನ್ನ ನೋಡಿದ್ದೆ.”

ನಾನು ಮಿರ್ಚಿಯ ಪೊಟ್ಟಣ ಮಡಿಚಿ ಚೀಲಕ್ಕೆ ಹಾಕಿದೆ.

“ನೀ ಇರು ಅಂದಿ. ಅದಕ್ಕ ಕೈ ಇಳಿಸಿದೆ. ನೀ ಹೇಳಿದಿ ಅಂತ.” ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. “ಸೋತದ್ದು ಹೋಗ್ಲಿ. ಸರ್ ಮುಂದ ಸುಳ್ಳು ಯಾಕ ಹೇಳಿದಿ? ನಾ ಅಲ್ಲೇ ಇದ್ನಲ್ಲಾ.”

ನಿನ್ನ ಸಲುವಾಗಿ ಎನ್ನಬಹುದಿತ್ತು. ಅದೂ ಪೂರ್ತಿ ನಿಜವಲ್ಲ. ಆರಿಸುವವರು ಚಹಾ ಕುಡಿಸಿ ಕಳಿಸಿದ ಆ ಪಕ್ಕದವನ ಸಲುವಾಗಿ ಕೈ ಮಾಡಿದ್ದೆ. ಅದನ್ನು ಹದಿನೆಂಟರ ಹುಡುಗಿಗೆ ಹೇಗೆ ಹೇಳುವುದು? ಬಸ್ಸು ಒಂದು ಹಳ್ಳಿಯಲ್ಲಿ ನಿಂತಿತು, ನಾಲ್ಕು ಜನ ಇಳಿದರು, ಬಸ್ಸು ಮತ್ತೆ ಹೊರಟಿತು.

“ಮುಂದಿನ ಆಟಕ್ಕ ನೀ ಬರಬ್ಯಾಡಪ್ಪಾ,” ಎಂದಳು. “ನೀ ಕುಂತಿದ್ರ ನಾ ನಿನ್ನ ಮಾರಿ ನೋಡ್ತೇನಿ.”

ಸಿಟ್ಟಿನಿಂದ ಹೇಳಿದ್ದರೆ ನಾಳೆ ಮರೆಯುತ್ತಾಳೆ ಎಂದುಕೊಳ್ಳುತ್ತಿದ್ದೆ. ನೀರು ಕೇಳುವ ಹಾಗೆ ಹೇಳಿದಳು. ಆಯ್ತು ಎಂದೆ.

ಇದಾಗಿ ಎರಡು ವರ್ಷ. ಅವಳು ಶಿಬಿರಕ್ಕೆ ಹೋಗಲಿಲ್ಲ. ಈಗ ಡಿಗ್ರಿ ಓದುತ್ತ ಹಿರಿಯ ಹೆಣ್ಣುಮಕ್ಕಳ ತಂಡದಲ್ಲಿ ಅವನ ಕೈಕೆಳಗೇ ಆಡುತ್ತಿದ್ದಾಳೆ, ಚೆನ್ನಾಗಿ ಆಡುತ್ತಾಳಂತೆ. ಅವನು ಈಗಲೂ ನನ್ನ ಬಸ್ಸು ಹತ್ತುತ್ತಾನೆ. ಕಾಲು ಹೆಂಗೈತಿ ಎಂದು ಕೇಳುತ್ತೇನೆ, ಐತಿ ನಡದೇತಿ ಎನ್ನುತ್ತಾನೆ. ನನ್ನಿಂದ ತಪ್ಪಾಯಿತು ಎಂದು ಅವನಿಗೆ ಹೇಳಿಲ್ಲ. ಬಾಯಿಗೆ ಬಂದದ್ದುಂಟು, ಅಷ್ಟರಲ್ಲಿ ಅವನ ಸ್ಟಾಪು ಬರುತ್ತದೆ. ಇನ್ನು ಹೇಳಿದರೂ ಅವನಿಗೆ ಅದರ ಗರಜು ಇಲ್ಲ.

ಕಳೆದ ತಿಂಗಳು ನನಗೆ ಮುದ್ದೇಬಿಹಾಳದ ಡ್ಯೂಟಿ ಬಿತ್ತು. ಅವತ್ತೇ ಅಲ್ಲಿ ಅವರ ಆಟ. ತಂಡವೆಲ್ಲ ನನ್ನ ಬಸ್ಸಿಗೇ ಬಂದರು. ಹುಡುಗಿಯರು ಕಾಕಾ ಕಾಕಾ ಎಂದು ಗದ್ದಲ ಮಾಡಿದರು, ಮಗಳು ನಡುವಿನ ಸೀಟಿನಲ್ಲಿ ಕೂತು ಗೆಳತಿಯ ಮೊಣಕೈಗೆ ಪಟ್ಟಿ ಸುತ್ತುತ್ತಿದ್ದಳು. ಮೈದಾನದ ಹತ್ತಿರ ಎಲ್ಲರೂ ಇಳಿದರು. ನಾನು ಬಾಗಿಲಲ್ಲಿ ನಿಂತು, “ಆಟ ಎಷ್ಟಕ್ಕವ್ವಾ?” ಎಂದೆ.

“ನಾಕಕ್ಕ,” ಎಂದಳು.

ಸ್ಟ್ಯಾಂಡಿನಲ್ಲಿ ನನ್ನ ಬಸ್ಸಿಗೆ ಐದೂವರೆಯವರೆಗೆ ಬಿಡುವಿತ್ತು. ಅದು ಅವಳಿಗೂ ಗೊತ್ತಿತ್ತು. ನೀನೂ ಬಾ ಎಂದಾಳೇನೋ ಎಂದು ಒಂದು ಗಳಿಗೆ ಕಾದೆ. ಅವಳು ಚೀಲ ಹೆಗಲಿಗೇರಿಸಿ, “ಊಟ ಮಾಡಪ್ಪಾ, ಡಬ್ಬಿ ಹಂಗೇ ತರಬ್ಯಾಡ,” ಎಂದು ಹೇಳಿ ಗೇಟಿನೊಳಗೆ ಹೋದಳು. ನಾನು ರೈಟ್ ಅಂದೆ.